ಬೀಗದ ಗುರುತಿದ್ದರೆ ವೆಬ್‌ಸೈಟ್ ಅಸಲಿಯೇ? ‘ಸರ್ವರ್’ ಅಂದರೆ ಏನು, ನೋಡೋಣ ಬನ್ನಿ

ನ್ಯಾಯಬೆಲೆ ಅಂಗಡಿಯಲ್ಲಿ ‘ಸರ್ವರ್ ಇಲ್ಲ, ನಾಳೆ ಬನ್ನಿ’ ಎಂಬ ಮಾತು ಕೇಳದವರು ಕಡಿಮೆ. ಹಾಗಾಗಿ ಸರ್ವರ್ ಎಂದರೆ ಎಲ್ಲೋ ದೂರದ ದೊಡ್ಡ ಯಂತ್ರ, ಸರ್ಕಾರವೋ ಕಂಪನಿಯೋ ಮಾತ್ರ ಇಡಬಲ್ಲದ್ದು ಎಂದು ನಾವು ನಂಬಿಬಿಟ್ಟಿದ್ದೇವೆ. ‘ವೆಬ್‌ಸೈಟೇ ಇದೆಯಲ್ಲ, ಬೀಗದ ಗುರುತೂ ಇದೆ’ ಎಂದು ಲಿಂಕ್ ಫಾರ್ವರ್ಡ್ ಮಾಡುವುದೂ ಈ ನಂಬಿಕೆಯಿಂದಲೇ.

ನಿಜಕ್ಕೂ ಸರ್ವರ್ ಎಂದರೆ ಕೇಳಿದವರಿಗೆ ಪುಟ ಕಳಿಸುವ ಒಂದು ಪ್ರೋಗ್ರಾಂ. ಹಂಪಿ ಹತ್ತಿರದ ಕಡ್ಡಿರಾಂಪುರದಲ್ಲಿ ಒಬ್ಬರು ಹೋಮ್‌ಸ್ಟೇ ನಡೆಸುತ್ತಾರೆ, ಅದಕ್ಕೊಂದು ಪುಟ ಬೇಕು ಎಂದುಕೊಳ್ಳಿ. ಹಳೆಯ ಲ್ಯಾಪ್‌ಟಾಪಿಗೆ ನೋಡ್ ಜೆಎಸ್ ಹಾಕಿಕೊಂಡರೆ ಸಾಕು. 2009ರಲ್ಲಿ ರಯಾನ್ ಡಾಲ್ ರೂಪಿಸಿದ ಈ ಉಚಿತ ತಂತ್ರಾಂಶ, ಜಾವಾಸ್ಕ್ರಿಪ್ಟನ್ನು ಬ್ರೌಸರಿನ ಹೊರಗೂ ಓಡಿಸುತ್ತದೆ. ಮುಂದೆ ಹತ್ತೇ ಸಾಲಿನ ಕೋಡ್: ಎಚ್‌ಟಿಟಿಪಿ ಮಾಡ್ಯೂಲ್ ಕರೆಸಿಕೊಳ್ಳಬೇಕು, ಕೇಳಿದವರಿಗೆ ಏನು ಕೊಡಬೇಕೆಂದು ಬರೆಯಬೇಕು, 3000ನೇ ಪೋರ್ಟಿನಲ್ಲಿ ಕಾಯುತ್ತಿರು ಎಂದು ಹೇಳಬೇಕು. ಕಂಪ್ಯೂಟರ್ ಲಾಡ್ಜ್ ಆದರೆ ಪೋರ್ಟ್ ಅದರ ರೂಮ್ ನಂಬರ್. ಪುಟ ಕನ್ನಡದಲ್ಲಿದ್ದರೆ ಹೆಡರಿನಲ್ಲಿ ‘ಯುಟಿಎಫ್-8’ ಎಂದು ತಿಳಿಸುವುದು ಒಳ್ಳೆಯದು. ಮರೆತರೆ ಅಕ್ಷರಗಳ ಬದಲು ಗೊಜಲು ಚಿಹ್ನೆಗಳು ಬರಬಹುದು. ಪಾಪ, ಬೈಗುಳ ತಿನ್ನುವುದು ಮಾತ್ರ ಫಾಂಟ್!

ಈಗ ‘ಲೋಕಲ್‌ಹೋಸ್ಟ್ 3000’ ಎಂಬ ಲಿಂಕನ್ನು ಹೊಸಪೇಟೆಯ ಗೆಳೆಯನಿಗೆ ವಾಟ್ಸಾಪ್ ಮಾಡಿದರೆ ತೆರೆಯದು. ಲೋಕಲ್‌ಹೋಸ್ಟ್ ಎಂದರೆ ‘ಇದೇ ಯಂತ್ರ’. ಅವನ ಫೋನ್ ತನ್ನೊಳಗೇ ಹುಡುಕಿ ಸೋಲುತ್ತದೆ. ಎಲ್ಲರಿಗೂ ಕಾಣಬೇಕಾದರೆ ಸಾಮಾನ್ಯವಾಗಿ ಬಾಡಿಗೆ ಸರ್ವರ್ ಮತ್ತು ಒಂದು ಡೊಮೈನ್ ಹೆಸರು ಕೊಳ್ಳುತ್ತಾರೆ.

ಮತ್ತೆ ಬೀಗದ ಗುರುತು? ಅದಕ್ಕೆ ಬೇಕಾದ ಪ್ರಮಾಣಪತ್ರವನ್ನು ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆ ಪುಕ್ಕಟೆ ಕೊಡುತ್ತದೆ. ಆ ಡೊಮೈನ್ ನಿಮ್ಮ ಹಿಡಿತದಲ್ಲಿದೆಯೇ ಎಂದಷ್ಟೇ ಅದು ನೋಡುವುದು, ನೀವು ಸಾಚಾ ಮನುಷ್ಯರೇ ಎಂದಲ್ಲ. ನೀವು ತುಂಬಿದ ಮಾಹಿತಿಯನ್ನು ದಾರಿಯಲ್ಲಿ ಯಾರೂ ಓದಲಾರರು ಎಂದಷ್ಟೇ ಬೀಗದ ಅರ್ಥ. ಆ ತುದಿಯಲ್ಲಿ ಕಳ್ಳನೇ ಕುಳಿತಿದ್ದರೆ ಕಳ್ಳನಿಗೇ ಭದ್ರವಾಗಿ ತಲುಪುತ್ತದೆ! ಜನ ಬೀಗವನ್ನು ನಂಬಿಕೆಯ ಮುದ್ರೆ ಎಂದುಕೊಳ್ಳುತ್ತಿದ್ದಾರೆಂದೇ ಗೂಗಲ್ 2023ರಲ್ಲಿ ಕ್ರೋಮ್‌ನಿಂದ ಆ ಚಿತ್ರವನ್ನು ತೆಗೆಯಿತು.

ಅದೇ ಹೋಮ್‌ಸ್ಟೇಯ ಫೋಟೊ ಕದ್ದು ಇನ್ನೊಬ್ಬ ಇಂಥದ್ದೇ ಪುಟ ತೆರೆದು ‘ಮುಂಗಡ ಕಳಿಸಿ’ ಎನ್ನಬಹುದು. ಇದು ಬರೀ ಊಹೆಯಲ್ಲ. ಯಾತ್ರಿಕರು, ಪ್ರವಾಸಿಗರನ್ನು ವಂಚಿಸುವ ನಕಲಿ ಬುಕಿಂಗ್ ವೆಬ್‌ಸೈಟ್‌ಗಳ ಬಗ್ಗೆ ಕೇಂದ್ರ ಗೃಹ ಸಚಿವಾಲಯದ ಸೈಬರ್ ಅಪರಾಧ ಸಮನ್ವಯ ಕೇಂದ್ರ 2025ರ ಏಪ್ರಿಲ್‌ನಲ್ಲಿ ಎಚ್ಚರಿಸಿತ್ತು.

ಹಾಗಾದರೆ ನೋಡಬೇಕಾದ್ದು ವಿಳಾಸವನ್ನು. ಮೊದಲ ಒಂಟಿ ಓರೆಗೆರೆಯ ಹಿಂದೆ ಏನಿದೆ ಎಂದು ಬಲದಿಂದ ಎಡಕ್ಕೆ ಓದಿ. ‘ಜಿಒವಿ ಡಾಟ್ ಇನ್’ ಸರ್ಕಾರಿ ಸಂಸ್ಥೆಗಳಿಗಷ್ಟೇ ಸಿಗುತ್ತದೆ. ‘ಜಿಒವಿ-ಇನ್ ಡಾಟ್ ಕಾಮ್’ ಥರದ ಹೆಸರನ್ನು ಯಾರು ಬೇಕಾದರೂ ಕೊಳ್ಳಬಹುದು. ಹಣ ಈಗಾಗಲೇ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.