ಹದಿಹರೆಯದವರನ್ನೇ ಕೇಳದ ಸಮೀಕ್ಷೆ



ಸಮೀಕ್ಷೆಯೊಂದರ ಆಧಾರದ ಮೇಲೆ ಬೆಂಗಳೂರಿನ ಬಡಾವಣೆಯೊಂದಕ್ಕೆ ‘ಮಕ್ಕಳಸ್ನೇಹಿ’ ಎಂಬ ಮನ್ನಣೆ ದೊರೆತ ಸುದ್ದಿ ತಮ್ಮ ಪತ್ರಿಕೆಯಲ್ಲಿ ಪ್ರಕಟವಾಗಿದೆ. ಅದೇ ಬಡಾವಣೆಯ ಉದ್ಯಾನದ ಗೇಟಿನಲ್ಲಿ ‘ಕ್ರಿಕೆಟ್, ಫುಟ್‌ಬಾಲ್ ಆಡುವುದನ್ನು ನಿಷೇಧಿಸಲಾಗಿದೆ’ ಎಂಬ ಫಲಕವಿದ್ದು, ಅದು ಸಮೀಕ್ಷಕರ ಕಣ್ಣಿಗೆ ಬೀಳದೆ ಹೋದದ್ದು ಖಂಡನೀಯ. ಕಲ್ಲುಬೆಂಚು, ಜಾರುಬಂಡೆ, ಬೀದಿದೀಪಗಳ ಲೆಕ್ಕವೆಲ್ಲ ವರದಿಯಲ್ಲಿದೆ. ಆದರೆ ವಿಶ್ವ ಆರೋಗ್ಯ ಸಂಸ್ಥೆಯು ಹದಿಹರೆಯದವರೆಂದು ಗುರುತಿಸುವ 10ರಿಂದ 19 ವರ್ಷದವರು ಸಂಜೆ ಎಲ್ಲಿ ಸೇರುತ್ತಾರೆ, ಹುಡುಗಿಯರು ಯಾವ ರಸ್ತೆಯಲ್ಲಿ ಅಂಜದೆ ಓಡಾಡುತ್ತಾರೆ ಎಂಬ ಪ್ರಶ್ನೆಗಳೇ ಅದರಲ್ಲಿಲ್ಲ. ಜಾರುಬಂಡೆ ಪುಟ್ಟ ಮಕ್ಕಳಿಗೆ, ಬೆಂಚು ನಿವೃತ್ತರಿಗೆ ಆಯಿತು. ಹದಿನೈದರ ಹುಡುಗನಿಗೆ ಉಳಿದದ್ದು ನಿಷೇಧದ ಫಲಕ ಮಾತ್ರ.

ನೆರೆಹೊರೆಯು ಎಳೆಯರಿಗೆ ಎಷ್ಟರಮಟ್ಟಿಗೆ ಆಸರೆಯಾಗಿದೆ ಎಂಬುದನ್ನು ಅಳೆಯುವ ಕ್ರಮ ಹೊಸದೇನೂ ಅಲ್ಲ. ಅಮೆರಿಕದ ಶಿಕಾಗೊ ನಗರದ 343 ನೆರೆಹೊರೆಗಳಲ್ಲಿ 1995ರಲ್ಲಿ 8,782 ನಿವಾಸಿಗಳನ್ನು ಮಾತನಾಡಿಸಿದ ಅಧ್ಯಯನವು, ಶಾಲೆ ತಪ್ಪಿಸಿ ಬೀದಿಮೂಲೆಯಲ್ಲಿ ನಿಂತ ಮಕ್ಕಳನ್ನು ಅಕ್ಕಪಕ್ಕದವರು ವಿಚಾರಿಸುವರೇ, ನೆರೆಯವರು ನಂಬಿಕಸ್ಥರೇ ಎಂದು ಕೇಳಿತ್ತು. ಪರಸ್ಪರ ನಂಬಿಕೆಯೂ ಎಲ್ಲರ ಒಳಿತಿಗಾಗಿ ಮುಂದೆ ಬರುವ ಮನಸ್ಸೂ ಕೂಡಿದ ಈ ಗುಣವನ್ನು ಸಮಾಜಶಾಸ್ತ್ರಜ್ಞ ರಾಬರ್ಟ್ ಸ್ಯಾಂಪ್ಸನ್ ಮತ್ತು ಸಂಗಡಿಗರು ‘ಸಾಮೂಹಿಕ ಸಾಮರ್ಥ್ಯ’ ಎಂದು ಕರೆದು, ಅದು ಹೆಚ್ಚಿರುವಲ್ಲಿ ಹಿಂಸೆ ಕಡಿಮೆ ಎಂದು 1997ರಲ್ಲಿ ತೋರಿಸಿದರು. ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ನಗರ ಯೋಜಕ ಕೆವಿನ್ ಲಿಂಚ್ 1970ರ ದಶಕದಲ್ಲಿ ಯುನೆಸ್ಕೊ ಆಶ್ರಯದಲ್ಲಿ ಆರಂಭಿಸಿದ, ನಗರಗಳಲ್ಲಿ ಬೆಳೆಯುವ ಮಕ್ಕಳ ಅಧ್ಯಯನಕ್ಕೆ 1990ರ ದಶಕದಲ್ಲಿ ಮರುಚಾಲನೆ ದೊರೆತಾಗ ಬೆಂಗಳೂರಿನ ಸತ್ಯನಗರವೂ ಅದರಲ್ಲಿ ಸೇರಿತ್ತು. ಅಲ್ಲಿ ಮಕ್ಕಳ ಮಾತನ್ನೇ, ಅವರು ಬರೆದ ಚಿತ್ರಗಳನ್ನೇ ಆಧಾರವಾಗಿ ಹಿಡಿಯಲಾಗಿತ್ತು. ಅಂಥ ಅಧ್ಯಯನ ನಡೆದ ಊರಿನಲ್ಲಿಯೇ ಇಂದು ಮನೆಯ ಯಜಮಾನರನ್ನಷ್ಟೇ ಕೇಳಿ ಅಂಕ ಹಂಚುವುದು ಬೆಂಗಳೂರಿಗೆ ಶೋಭೆಯಲ್ಲ.

ಗ್ರಂಥಾಲಯದ ಮಾತಂತೂ ಇನ್ನಷ್ಟು ನೋವಿನದು. ಆಸ್ತಿ ತೆರಿಗೆಯೊಂದಿಗೆ ಶೇ 6ರಷ್ಟು ಗ್ರಂಥಾಲಯ ಕರವನ್ನು ನಾಗರಿಕರು ಕಟ್ಟುತ್ತಿದ್ದರೂ, ಸದರಿ ಬಡಾವಣೆಯ ವಾಚನಾಲಯದಲ್ಲಿ ಶಾಲೆ ಬಿಟ್ಟು ಬರುವ ಮಕ್ಕಳು ಕುಳಿತು ಓದಲು ಒಂದು ಮೇಜೂ ಇಲ್ಲ. ಸಮೀಕ್ಷೆ ಮಾತ್ರ ‘ಗ್ರಂಥಾಲಯ ಇದೆ’ ಎಂದು ಗುರುತು ಹಾಕಿ ಪೂರ್ಣಾಂಕ ನೀಡಿದೆ. ಕಟ್ಟಡ ಇರುವುದು ಬೇರೆ, ಅದು ಮಕ್ಕಳಿಗೆ ಒದಗುವುದು ಬೇರೆ ಎಂಬ ಅರಿವಿಲ್ಲದ ಅಳತೆಯನ್ನು ಅಳತೆ ಎನ್ನಲಾಗದು.

ಸಂಬಂಧಪಟ್ಟವರು ಈ ಮನ್ನಣೆಯನ್ನು ಹಿಂಪಡೆದು, ಹುಡುಗ ಹುಡುಗಿಯರನ್ನು ನೇರವಾಗಿ ಕೇಳಿ ಹೊಸದಾಗಿ ಸಮೀಕ್ಷೆ ನಡೆಸಬೇಕು. ಅದಕ್ಕೂ ಮೊದಲು ಆ ಫಲಕವನ್ನು ತೆಗೆಸಬೇಕು.

— ಓದುಗರು, ಬೆಂಗಳೂರು