ಮೆಣಸಿನಕಾಯಿ ಕಡಿದರೆ ನಿದ್ದೆ ಹೋಗುವುದೆ?

ಕಬ್ಬಿನ ಹಂಗಾಮು ಶುರುವಾಯಿತೆಂದರೆ ನಮ್ಮ ತರಗತಿಯ ಹಿಂದಿನ ಬೆಂಚುಗಳು ತೂಕಡಿಸತೊಡಗುತ್ತವೆ. ಬೈಲಹೊಂಗಲ, ಕಿತ್ತೂರು ಕಡೆಯ ಅನೇಕ ಮನೆಗಳಲ್ಲಿ ತಂದೆಯೋ ಅಣ್ಣನೋ ರಾತ್ರಿಯೆಲ್ಲ ಟ್ರ್ಯಾಕ್ಟರ್ ಹೊಡೆಯುತ್ತಿರುತ್ತಾರೆ. ಅವರು ಬರುವ ತನಕ ಮನೆಯವರಿಗೂ ನಿದ್ದೆ ಇಲ್ಲ. ನರವ್ಯೂಹದ ಪಾಠ ನಡೆದಾಗ ಇಂಥ ಮನೆಯ ಹುಡುಗನೊಬ್ಬ ಎದ್ದು ನಿಂತು ಕೇಳಿದ: “ಸರ, ನಮ್ಮಪ್ಪ ನಿದ್ದಿ ಬರಬಾರದಂತ ಹಸಿ ಮೆಣಸಿನಕಾಯಿ ಕಡಕೋಂತ ಟ್ರ್ಯಾಕ್ಟರ್ ಹೊಡಿತಾನ್ರಿ. ಅದರಿಂದ ಖರೇನ ನಿದ್ದಿ ಹೋಗತೈತೇನ್ರಿ?” ತರಗತಿ ನಕ್ಕಿತು. ನನಗೆ ನಗು ಬರಲಿಲ್ಲ.

ಮೆಣಸಿನಕಾಯಿಯ ಕ್ಯಾಪ್ಸೈಸಿನ್ ಬಾಯಿಯ ನರತುದಿಗಳನ್ನು ಕೆರಳಿಸುತ್ತದೆ. ಮಿದುಳು ಬೆಚ್ಚಿ ಏಳುತ್ತದೆ, ಆದರೆ ಕೆಲವೇ ನಿಮಿಷ. ಮುಖಕ್ಕೆ ತಣ್ಣೀರು, ಜೋರು ಹಾಡು, ಕಿಟಕಿಯ ಗಾಳಿ, ಎಲ್ಲದರದೂ ಇದೇ ಕತೆ. ಏಕೆಂದರೆ ನಿದ್ದೆಯ ಮೂಲ ಬೇರೆ ಕಡೆ ಇದೆ. ಎಚ್ಚರವಿದ್ದಷ್ಟು ಹೊತ್ತು ಮಿದುಳು ಶಕ್ತಿಗಾಗಿ ಎ.ಟಿ.ಪಿ.ಯನ್ನು ಬಳಸುತ್ತದೆ, ಅದರಿಂದ ಅಡೆನೊಸಿನ್ ಎಂಬ ವಸ್ತು ಉಳಿಯುತ್ತದೆ. ಗಾಣ ನಡೆದಷ್ಟೂ ಪಕ್ಕದಲ್ಲಿ ಕಬ್ಬಿನ ಸಿಪ್ಪೆಯ ರಾಶಿ ಬೆಳೆಯುವುದಿಲ್ಲವೆ, ಹಾಗೆ. ರಾಶಿ ಬೆಳೆದಷ್ಟೂ ಕಣ್ಣು ಭಾರ. ಅದನ್ನು ಎತ್ತಿ ಹಾಕುವುದು ನಿದ್ದೆಯೊಂದೇ. ಚಹಾ, ಕಾಫಿಯ ಕೆಫೀನ್ ಕೂಡ ರಾಶಿಯನ್ನು ಕರಗಿಸುವುದಿಲ್ಲ. ಅಡೆನೊಸಿನ್ ಕೂರಬೇಕಾದ ಜಾಗದಲ್ಲಿ ತಾನು ಹೋಗಿ ಕೂರುತ್ತದೆ, ಅಷ್ಟೆ.

ಇದರ ಮೇಲೆ ದೇಹದ ಗಡಿಯಾರ ಬೇರೆ. ಅದನ್ನು ನಡೆಸುವ ಜೀನುಗಳನ್ನು ಬಿಡಿಸಿ ತೋರಿಸಿದ ಹಾಲ್, ರಾಸ್‌ಬಾಷ್, ಯಂಗ್ ಎಂಬ ಮೂವರಿಗೆ 2017ರಲ್ಲಿ ನೊಬೆಲ್ ಬಂತು. ಈ ಗಡಿಯಾರದ ಪ್ರಕಾರ ಬೆಳಗಿನ ಜಾವ 2ರಿಂದ 5ರವರೆಗೆ ಮತ್ತು ಮಧ್ಯಾಹ್ನ ಸುಮಾರು 2ರಿಂದ 4ರವರೆಗೆ ಎಚ್ಚರ ಕುಗ್ಗುತ್ತದೆ.

ಮಧ್ಯಾಹ್ನದ ಮಾತು ಅನುಭವದ್ದು. ಒಮ್ಮೆ ರಾಮದುರ್ಗದಲ್ಲಿ ಮದುವೆ ಊಟ ಮುಗಿಸಿ ಸವದತ್ತಿ ಮಾರ್ಗವಾಗಿ ಕಾರಿನಲ್ಲಿ ಒಬ್ಬನೇ ಮರಳುತ್ತಿದ್ದೆ. ಎರೆ ಹೊಲಗಳ ನಡುವೆ ನೇರ ರಸ್ತೆ. ಎಡಗಾಲಿಗಳು ಡಾಂಬರು ಬಿಟ್ಟು ಕಲ್ಲಿನ ಮೇಲೆ ಗರಗರ ಎಂದಾಗಲೇ ಗೊತ್ತಾದದ್ದು. ಹಿಂದಿನ ಎರಡು ಮೈಲಿಗಲ್ಲು ದಾಟಿದ ನೆನಪೇ ಇರಲಿಲ್ಲ. ಕಣ್ಣು ಮುಚ್ಚಿದ್ದೆನೆಂದು ಈಗಲೂ ಅನಿಸುವುದಿಲ್ಲ! ಒಬ್ಬರೇ ಹೋಗುವುದರಲ್ಲಿ ಇದೇ ದೊಡ್ಡ ಅಪಾಯ: ತೂಕಡಿಸುವ ಮಿದುಳೇ ತನ್ನ ಎಚ್ಚರಕ್ಕೆ ಸಾಕ್ಷಿ ಹೇಳಬೇಕು. ಪಕ್ಕದಲ್ಲಿ ಯಾರಾದರೂ ಇದ್ದಿದ್ದರೆ ಭುಜ ಅಲುಗಿಸುತ್ತಿದ್ದರು.

ವಿದ್ಯಾರ್ಥಿಗಳೆ, ಒಂದು ಲೆಕ್ಕ ಮಾಡಿ. ಗಂಟೆಗೆ 72 ಕಿ.ಮೀ. ಎಂದರೆ ಸೆಕೆಂಡಿಗೆ 20 ಮೀಟರ್. 4 ಸೆಕೆಂಡು ಕಣ್ಣು ಜೊಂಪಿದರೆ ವಾಹನ 80 ಮೀಟರ್ ಕುರುಡಾಗಿ ಓಡುತ್ತದೆ. ಕಿತ್ತೂರಿನ ಬಳಿಯ ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ ಅಷ್ಟರೊಳಗೆ ಏನೆಲ್ಲ ಎದುರಾಗಬಹುದು? ಗಂಟೆಗೆ 18 ಕಿ.ಮೀ. ಹೋಗುವ ಟ್ರ್ಯಾಕ್ಟರಿಗೂ 20 ಮೀಟರ್ ಬಂತು; ಎರಡು ಟ್ರೇಲರ್ ಕಬ್ಬು ಗಟಾರಕ್ಕೆ ಉರುಳಲು ಅಷ್ಟು ಸಾಕು.

1997ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಪ್ರಯೋಗವೊಂದರಲ್ಲಿ, 17 ಗಂಟೆ ಎಚ್ಚರವಿದ್ದವರ ಕೈ–ಕಣ್ಣಿನ ಹೊಂದಾಣಿಕೆ, ರಕ್ತದಲ್ಲಿ ಶೇ. 0.05 ಮದ್ಯಸಾರ ಇದ್ದವರಷ್ಟೇ ಕುಂದಿತ್ತು. ನಮ್ಮ ಕಾನೂನಿನ ಮಿತಿ 100 ಮಿ.ಲೀ. ರಕ್ತಕ್ಕೆ 30 ಮಿ.ಗ್ರಾಂ, ಅಂದರೆ ಶೇ. 0.03. ನಸುಕಿನ 5ಕ್ಕೆ ಎದ್ದವನು ರಾತ್ರಿ 10ಕ್ಕೆ ಅದನ್ನು ಮೀರಿರುತ್ತಾನೆ, ಒಂದು ಹನಿಯನ್ನೂ ಕುಡಿಯದೆ. ಹುಣ್ಣಿಮೆಗೆ ಯಲ್ಲಮ್ಮನ ಗುಡ್ಡಕ್ಕೆ ಹೋಗಿ ಜಾಗರಣೆ ಮಾಡಿ ರಾತ್ರಿಯೇ ಮರಳಿ ಹೊರಡುವವರೂ ಈ ಲೆಕ್ಕದಲ್ಲಿ ಬರುತ್ತಾರೆ.

ಉಪಾಯ ಒಂದೇ, ನಿಲ್ಲಿಸಿ ಮಲಗುವುದು. ರಸ್ತೆಯಿಂದ ಪೂರ್ತಿ ಕೆಳಗಿಳಿಸಿ ನಿಲ್ಲಿಸಬೇಕು; ಹಿಂದೆ ಕೆಂಪು ರಿಫ್ಲೆಕ್ಟರ್ ಇಲ್ಲದೆ ಕತ್ತಲಲ್ಲಿ ನಿಂತ ಟ್ರೇಲರ್ ಮತ್ತೊಬ್ಬನ ಜೀವಕ್ಕೆ ಕುತ್ತು. ಮೊದಲು ಚಹಾ ಕುಡಿದು, ಕೂಡಲೇ 15–20 ನಿಮಿಷ ಕಣ್ಣು ಮುಚ್ಚಿ. ಕೆಫೀನ್ ಕೆಲಸ ಶುರುಮಾಡಲು ಹೆಚ್ಚುಕಡಿಮೆ ಅಷ್ಟೇ ಹೊತ್ತು ಬೇಕು. ಎದ್ದೊಡನೆ ಗಾಡಿ ಹೊಡೆಯದೆ ಐದು–ಹತ್ತು ನಿಮಿಷ ಅಡ್ಡಾಡಿ. ಆದರೆ ಇದು ಊರು ಮುಟ್ಟಲು ತುರ್ತಿನ ಆಸರೆ, ರಾತ್ರಿಯ ನಿದ್ದೆಗೆ ಬದಲಿಯಲ್ಲ.

ಪಾಲಕರ ಸಭೆಗೆ ಆ ಹುಡುಗನ ತಂದೆ ಬಂದಿದ್ದರು. ಎಲ್ಲ ಕೇಳಿಕೊಂಡು, “ದಾರ್‍ಯಾಗ ಮಲಗಿದ್ರ ಫ್ಯಾಕ್ಟರ್‍ಯಾಗ ಪಾಳಿ ತಪ್ಪತೈತ್ರಿ ಸರ” ಎಂದರು. ಅದಕ್ಕೆ ನನ್ನ ವಿಜ್ಞಾನದಲ್ಲಿ ಉತ್ತರ ಇರಲಿಲ್ಲ. ಪಾಳಿಯಲ್ಲಿ ನಿಂತಾಗಲಾದರೂ ಇಬ್ಬರು ಡ್ರೈವರುಗಳು ಜೋಡಿಯಾಗಿ, ಒಬ್ಬರು ಮಲಗಿದಾಗ ಇನ್ನೊಬ್ಬರು ಗಾಡಿ ಮುಂದೆ ಸರಿಸಬಹುದಲ್ಲ ಎಂದೆ. ಹೌದೆಂದರು. ಹೋಗುವಾಗ ನೋಡಿದೆ, ಅಂಗಿಯ ಕಿಸೆಯಲ್ಲಿ ಎರಡು ಮೆಣಸಿನಕಾಯಿ ಇದ್ದವು.