ಹಾರುತ್ತಿರುವ ವಿಮಾನದ ಗಾಜಿನ ಮುಚ್ಚಳ ತೆರೆದುಕೊಂಡರೆ ಏನಾಗುತ್ತದೆ? ಬೀಗ ಹಾಕಿದರೆ ಸಾಕೇ?

ಪುಟ್ಟ ವಿಮಾನವೊಂದು ಹಾರುತ್ತಿದ್ದಂತೆ ಅದರ ಗಾಜಿನ ಮುಚ್ಚಳ ತೆರೆದುಕೊಳ್ಳುತ್ತದೆ. ಪೈಲಟ್ ಗಾಳಿಯ ಹೊಡೆತಕ್ಕೆ ಕಣ್ಣು ಬಿಡಲಾಗದೆ ಒದ್ದಾಡುತ್ತಾರೆ. 2024ರಲ್ಲಿ ಜಗತ್ತಿನಾದ್ಯಂತ ಹರಿದಾಡಿದ ಈ ವಿಡಿಯೊ ನಿಮ್ಮ ಮೊಬೈಲಿಗೂ ಬಂದಿರಬಹುದು. ವಿಡಿಯೊ ನಿಜ. ಅದರಲ್ಲಿರುವವರು ನೆದರ್‌ಲ್ಯಾಂಡ್ಸ್‌ನ ಪೈಲಟ್ ನರೀನೆ ಮೆಲ್ಕುಮ್‌ಜಾನ್. ಮುಚ್ಚಳದ ಚಿಲಕ ಪೂರ್ತಿ ಕೂತಿರಲಿಲ್ಲ, ಹಾರುವ ಮುಂಚೆ ಅದು ತಮ್ಮ ಗಮನಕ್ಕೆ ಬರಲಿಲ್ಲ ಎಂದು ಅವರೇ ಹೇಳಿಕೊಂಡಿದ್ದಾರೆ. ಅವರು ಸುರಕ್ಷಿತವಾಗಿ ಇಳಿದರು.

'ಒಂದು ಗಟ್ಟಿ ಬೀಗ ಹಾಕಿದ್ದರೆ ಆಗುತ್ತಿತ್ತಲ್ಲ' ಎಂದು ಅನೇಕರಿಗೆ ಅನ್ನಿಸುತ್ತದೆ. ವಿಷಯ ಅಷ್ಟು ಸರಳವಲ್ಲ.

ಮನೆಯಲ್ಲೇ ಕಟ್ಟುವ ವಿಮಾನ

ಆ ವಿಡಿಯೊದಲ್ಲಿರುವುದು ಕಾರ್ಖಾನೆಯಲ್ಲಿ ತಯಾರಾದ ವಿಮಾನ. ಆದರೆ ಅಮೆರಿಕದಲ್ಲಿ ಸಾವಿರಾರು ಜನ ತಮ್ಮ ಗ್ಯಾರೇಜಿನಲ್ಲೇ ವಿಮಾನ ಕಟ್ಟಿಕೊಳ್ಳುತ್ತಾರೆ. ಅರ್ಧಕ್ಕಿಂತ ಹೆಚ್ಚು ಕೆಲಸವನ್ನು ಹವ್ಯಾಸಿಗಳೇ ಮಾಡಿರಬೇಕು ಎಂಬುದು ಅಲ್ಲಿನ ನಿಯಮ. ಆರೆಗನ್ ರಾಜ್ಯದ ವ್ಯಾನ್ಸ್ ಏರ್‌ಕ್ರಾಫ್ಟ್ ಕಂಪನಿಯ ಕಿಟ್‌ಗಳಿಂದಲೇ ಹತ್ತು ಸಾವಿರಕ್ಕೂ ಹೆಚ್ಚು ವಿಮಾನಗಳು ಹಾರಿವೆ. ಇಂಥ ವಿಮಾನಗಳಲ್ಲಿ ಪೈಲಟ್ ತಲೆಯ ಮೇಲಿರುವ ಪಾರದರ್ಶಕ ಮುಚ್ಚಳವೇ 'ಕ್ಯಾನೊಪಿ'. ಹೆಸರಿಗೆ ಗಾಜು, ನಿಜವಾಗಿ ಅದು ಅಕ್ರಿಲಿಕ್ ಪ್ಲಾಸ್ಟಿಕ್. ಅದನ್ನು ಕೂರಿಸುವುದು, ಚಿಲಕ ಹೊಂದಿಸುವುದು ಎಲ್ಲವೂ ಕಟ್ಟುವವರದೇ ಹೊಣೆ.

ಮುಚ್ಚಳ ಮೇಲೇಳುವುದು ಏಕೆ?

ಬಿರುಗಾಳಿಗೆ ಮನೆಯ ತಗಡಿನ ಶೀಟು ಹಾರಿಹೋಗುವುದನ್ನು ನೋಡಿದ್ದೀರಲ್ಲವೇ? ಇಲ್ಲಿಯೂ ಅದೇ ಕಥೆ. ಉಬ್ಬಿದ ಮುಚ್ಚಳದ ಮೇಲೆ ಗಾಳಿ ವೇಗವಾಗಿ ಹರಿದಾಗ ಅಲ್ಲಿನ ಒತ್ತಡ ಇಳಿಯುತ್ತದೆ, ಒಳಗಿನ ಗಾಳಿ ಮುಚ್ಚಳವನ್ನು ಹೊರಕ್ಕೆ ತಳ್ಳುತ್ತದೆ. ಗಂಟೆಗೆ 290 ಕಿ.ಮೀ. ವೇಗದಲ್ಲಿ ಈ ಎಳೆತ ಒಂದು ಚದರ ಮೀಟರಿಗೆ ಸುಮಾರು 200 ಕೆ.ಜಿ. ತೂಕದಷ್ಟಾಗಬಹುದು. ವೇಗ ಎರಡು ಪಟ್ಟಾದರೆ ಎಳೆತ ನಾಲ್ಕು ಪಟ್ಟಾಗುತ್ತದೆ. ಆದ್ದರಿಂದಲೇ ನೆಲದ ಮೇಲೆ ಭದ್ರವಾಗಿ ಕಂಡ ಅರೆಬರೆ ಚಿಲಕ ಆಕಾಶದಲ್ಲಿ ಕೈಕೊಡುತ್ತದೆ.

ಚಿಲಕ ಬೇರೆ, ಬೀಗ ಬೇರೆ

ಹಾರುವಾಗ ಮುಚ್ಚಳವನ್ನು ಹಿಡಿದಿಡುವುದು ಚಿಲಕ. ವಿಮಾನ ನಿಲ್ಲಿಸಿದಾಗ ಒಳಗಿನ ದುಬಾರಿ ಉಪಕರಣಗಳನ್ನು ಕಳ್ಳರಿಂದ ಕಾಯುವುದು ಕೀಲಿ ಬೀಗ. ಬೀಗ ಹಾಕಿದ ಮಾತ್ರಕ್ಕೆ ಚಿಲಕ ಸರಿಯಾಗಿ ಕೂತಿದೆ ಎಂದರ್ಥವಲ್ಲ.

ಹಾರುವಾಗ ಬೀಗ ಹಾಕಿಯೇ ಇದ್ದರೆ ಇನ್ನೊಂದು ಅಪಾಯವಿದೆ. ಇಳಿಯುವಾಗ ವಿಮಾನ ಮಗುಚಿದರೆ ಅಥವಾ ಬೆಂಕಿ ಹತ್ತಿದರೆ, ಒಳಗಿದ್ದವರು ಹೊರಬರಬೇಕು, ಹೊರಗಿನವರೂ ತೆಗೆಯಲು ಸಾಧ್ಯವಾಗಬೇಕು. ಹಾಗಾಗಿ ಹಾರುವ ಮುನ್ನ ಕೀಲಿ ಬೀಗ ತೆಗೆದಿರಬೇಕು, ಚಿಲಕ ಮಾತ್ರ ಬಿಗಿಯಾಗಿರಬೇಕು. ಮುಚ್ಚಳ ಒಡೆಯುವ ಸುತ್ತಿಗೆಯಂಥ ಸಾಧನವನ್ನು ಕೆಲವರು ಜೊತೆಗೇ ಇಟ್ಟುಕೊಳ್ಳುತ್ತಾರೆ.

ಬೀಗವನ್ನು ಅಕ್ರಿಲಿಕ್‌ಗೆ ರಂಧ್ರ ಕೊರೆದು ಕೂರಿಸುವುದಕ್ಕಿಂತ ಲೋಹದ ಚೌಕಟ್ಟಿಗೆ ಕೂರಿಸುವುದು ಮೇಲು. ಚಳಿಯಲ್ಲಿ ಅಕ್ರಿಲಿಕ್ ಸುಲಭವಾಗಿ ಬಿರುಕು ಬಿಡುತ್ತದೆ, ಸಣ್ಣ ಬಿರುಕೂ ಹಬ್ಬುತ್ತಾ ಹೋಗುತ್ತದೆ. ಮುಖ್ಯ ಚಿಲಕ ತಪ್ಪಿದರೂ ಹಿಡಿದಿಡುವ ಎರಡನೇ ಕೊಂಡಿ, ಚಿಲಕ ಕೂರದಿದ್ದರೆ ಉರಿಯುವ ಕೆಂಪು ದೀಪ, ಇವೆರಡೂ ಒಳ್ಳೆಯ ಉಪಾಯಗಳು.

ತೆರೆದೇಬಿಟ್ಟರೆ?

ಕ್ಯಾನೊಪಿ ತೆರೆದ ಕೂಡಲೇ ವಿಮಾನ ಬೀಳುವುದಿಲ್ಲ. ಮುಂದುಗಡೆ ಕೀಲಿರುವ ಮುಚ್ಚಳ ಸಾಮಾನ್ಯವಾಗಿ ಸ್ವಲ್ಪ ಮೇಲೆದ್ದು ಗಾಳಿಯಲ್ಲೇ ನಿಲ್ಲುತ್ತದೆ. ಪಕ್ಕದಲ್ಲಿ ಕೀಲಿರುವುದು ಪೂರ್ತಿ ತೆರೆದು ಮುರಿಯಲೂಬಹುದು. ಹೆಚ್ಚಿನ ಅಪಾಯ ಇರುವುದು ಗಾಬರಿಯಲ್ಲಿ. ಮುಚ್ಚಳ ಎಳೆಯಲು ಕೈಚಾಚಿದ ಪೈಲಟ್ ವೇಗ, ಎತ್ತರ ಮರೆತರೆ ವಿಮಾನ ಹತೋಟಿ ತಪ್ಪುತ್ತದೆ. ಮೊದಲು ವಿಮಾನ ಹಾರಿಸಿ, ಮುಚ್ಚಳದ ಚಿಂತೆ ಆಮೇಲೆ ಎಂದು ತರಬೇತಿಯಲ್ಲಿ ಹೇಳಿಕೊಡುವುದು ಇದಕ್ಕೇ.

ನಮ್ಮ ಪ್ರಯಾಣಿಕ ವಿಮಾನದಲ್ಲೂ ಹೀಗಾಗುತ್ತದೆಯೇ?

ಎತ್ತರದಲ್ಲಿ ಒಳಗಿನ ಗಾಳಿಯ ಒತ್ತಡ ಅಲ್ಲಿನ ಬಾಗಿಲನ್ನು ಚೌಕಟ್ಟಿಗೆ ಒತ್ತಿ ಹಿಡಿದಿರುತ್ತದೆ, ಕೈಯಿಂದ ತೆರೆಯಲಾಗದು. 2023ರ ಮೇ ತಿಂಗಳಲ್ಲಿ ದಕ್ಷಿಣ ಕೊರಿಯಾದ ಏಷಿಯಾನಾ ವಿಮಾನದಲ್ಲಿ ಪ್ರಯಾಣಿಕನೊಬ್ಬ ಬಾಗಿಲು ತೆರೆದಿದ್ದು ನಿಜ. ಆದರೆ ವಿಮಾನ ಆಗ ಇಳಿಯುವ ಹಂತದಲ್ಲಿತ್ತು, ನೆಲದಿಂದ ಸುಮಾರು 200 ಮೀಟರ್ ಎತ್ತರದಲ್ಲಿ ಒತ್ತಡದ ವ್ಯತ್ಯಾಸ ತೀರಾ ಕಡಿಮೆ.

ಹಾಗಾಗಿ ಕ್ಯಾನೊಪಿ ವಿಡಿಯೊ ಜೊತೆ 'ವಿಮಾನ ಹತ್ತುವ ಮುನ್ನ ಎಚ್ಚರ' ಎಂಬ ಸಾಲು ಬಂದರೆ, ಆ ಸಾಲನ್ನು ಅಳಿಸಿ ಮುಂದಕ್ಕೆ ಕಳಿಸಿ.